ಫೌಂಡ್ರಿ ಧೂಳು, ಕಫ ನೆಗೆಟಿವ್, ಆದ್ರೂ ಟಿಬಿ ಗುಳಿಗಿ: ಯಾರಿಗರ ಹಿಂಗ ಆಗೇತೇನ್ರಿ?

ಕುಂದಾನಗರಿ_ಹುಡುಗ
ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ಅಣ್ಣ ಬೆಳಗಾವಿ ಉದ್ಯಮಬಾಗ ಕಡೆ ಒಂದ ಫೌಂಡ್ರಿದಾಗ ಫೆಟ್ಲಿಂಗ್ ಮಾಡ್ತಾನ, ಹದಿನೈದು ವರ್ಷದ ಮ್ಯಾಲ ಆತು. ಗೊತ್ತಿಲ್ದವ್ರಿಗೆ ಹೇಳ್ತೀನಿ, ಎರಕ ಹೊಯ್ದು ಆರಿದ ಮ್ಯಾಲ ಮೋಲ್ಡ್ ಒಡೀತಾರಲ್ಲ, ಆವಾಗ ಕಾಸ್ಟಿಂಗ್ ಮೈಗೆ ಉಸುಕು ಸುಟ್ಟು ಹತ್ತಿಕೊಂಡಿರ್ತೈತಿ, ಅದನ್ನ ಗ್ರೈಂಡರ್ ಹಿಡದು ತಿಕ್ಕಿ ತಗೀಬೇಕು, ಅದಾ ಫೆಟ್ಲಿಂಗ್. ಸಂಜಿಕ ಮನಿಗೆ ಬಂದ್ರ ಹುಬ್ಬು, ಮೂಗಿನ ಕೂದಲ ಎಲ್ಲಾ ಬೂದಿ ಬಣ್ಣ.

ಈಗ ಎರಡ ವರ್ಷದಿಂದ ಒಣ ಕೆಮ್ಮು. ಮೊದಲ ಮಾಡಿ ಹತ್ತಿದ್ರ ದಮ್ಮ ಬರ್ತಿತ್ತು, ಈಗ ಬಕೆಟ್ ನೀರ ಎತ್ತಿದ್ರೂ ನಿಂತು ಉಸುರ ತಗೋತಾನ. ತೂಕ ಇಳದೈತಿ. ಎಕ್ಸ್‌ರೇ ತಗಸಿದ್ವಿ, ಎರಡೂ ಕಡೆ ಮ್ಯಾಲಿನ ಭಾಗದಾಗ ಸಣ್ಣ ಸಣ್ಣ ಚುಕ್ಕಿ ಅದಾವು, ಟಿಬಿ ಅಂದ್ರು, ಆರು ತಿಂಗಳ ಗುಳಿಗಿ ನುಂಗಿದ, ವೈನಿ ಎದುರಿಗೆ ನಿಂತು ನುಂಗಸ್ತಿದ್ಲು. ಕೆಮ್ಮು ಇದ್ದಂಗ ಐತಿ. ಈಗ ಬ್ಯಾರೆ ಡಾಕ್ಟರ್ ಮತ್ತ ಅದಾ ಕೋರ್ಸ್ ಚಾಲೂ ಮಾಡ್ರಿ ಅಂತಾರ. ಕಫ ಟೆಸ್ಟ್ ಪ್ರತಿ ಸಲಾನೂ ನೆಗೆಟಿವ್ ಬಂದೈತಿ. ಇಷ್ಟ ಮಂದಿ ನೋಡಿದ್ರು, ಒಬ್ಬರರ "ಏನ್ ಕೆಲಸಾ ಮಾಡ್ತೀಪಾ" ಅಂತ ಕೇಳಿಲ್ರಿ.

ನನ್ನ ಪ್ರಶ್ನೆ ಏನಂದ್ರ, ಇದು ಧೂಳಿಂದ ಆಗಿದ್ದಿರಬಹುದಾ? ಎಲ್ಲಿ ತೋರಸ್ಬೇಕು? ಅಂವ ಕಾಂಟ್ರ್ಯಾಕ್ಟ್ ಮ್ಯಾಲ ಅದಾನ, ಆದ್ರ ಪಗಾರದಾಗ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮಾ) ಕಟ್ ಆಗ್ತೈತಿ. ಬಾಯಿ ಬಿಟ್ರ ಕೆಲಸಾ ಹೋಗ್ತೈತಿ ಅಂತ ಅಂವ ಹೆದರ್ಯಾನ.

ಚೆಸ್ಟ್_ಡಾಕ್ಟರ್_ಶಿವಮೊಗ್ಗ
ಮೊದಲನೇದಾಗಿ, ಇಲ್ಲಿ ಓದಿ ಯಾರೂ ಡಯಾಗ್ನೋಸಿಸ್ ಮಾಡೋಕಾಗಲ್ಲ, ನಾನೂ ಮಾಡ್ತಿಲ್ಲ. ಆದ್ರೆ ಹದಿನೈದು ವರ್ಷ ಫೆಟ್ಲಿಂಗ್, ಎರಡೂ ಶ್ವಾಸಕೋಶದ ಮೇಲ್ಭಾಗದಲ್ಲಿ ಸಣ್ಣ ಚುಕ್ಕೆಗಳು, ಕಫ ನೆಗೆಟಿವ್, ಟಿಬಿ ಔಷಧಿಗೆ ಜಗ್ಗಿಲ್ಲ, ಇಷ್ಟು ಕೇಳಿದ ಯಾವ ಚೆಸ್ಟ್ ಡಾಕ್ಟರ್‌ಗೂ ಸಿಲಿಕೋಸಿಸ್, ಅಂದ್ರೆ ಸಿಲಿಕಾ ಧೂಳಿಂದ ಬರೋ ಶ್ವಾಸಕೋಶದ ಕಾಯಿಲೆ, ತಲೇಗೆ ಬರ್ಲೇಬೇಕು.

ಫೌಂಡ್ರಿ ಮರಳು ಅಂದ್ರೆ ಹೆಚ್ಚುಕಡಿಮೆ ಪೂರ್ತಿ ಸಿಲಿಕಾ. ಗ್ರೈಂಡರ್ ತಾಗಿದಾಗ ಅದು ಪುಡಿಯಾಗಿ ಕೆಲವೇ ಮೈಕ್ರಾನ್ ಗಾತ್ರಕ್ಕೆ ಬರುತ್ತೆ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಅಂತ ಇಟ್ಕೊಳ್ಳಿ, ಇದು 4-5 ಮೈಕ್ರಾನ್‌ಗಿಂತ ಚಿಕ್ಕದು. ನಿಮ್ಮ ಅಣ್ಣನ ಹುಬ್ಬಿಗೆ ಅಂಟೋ ಧೂಳು ದೊಡ್ಡದು, ಅದು ಮೂಗಲ್ಲೇ ನಿಲ್ಲುತ್ತೆ. ಕಣ್ಣಿಗೆ ಕಾಣದೇ ಇರೋದು ಗಾಳಿಗೂಡಿನ ತುದಿವರೆಗೂ ಇಳಿಯುತ್ತೆ. ಅಲ್ಲಿರೋ ನಮ್ಮ ಮೈಯ ಕಾವಲು ಜೀವಕೋಶಗಳು ಆ ಧೂಳನ್ನ ನುಂಗೋಕೆ ಹೋಗಿ ತಾವೇ ಸಾಯ್ತಾವೆ, ಸುತ್ತ ಗಾಯ ಕಟ್ಟಿದ ಹಾಗೆ ಗಂಟು ಕಟ್ಟುತ್ತೆ. ವರ್ಷಾನುಗಟ್ಟಲೆ ಹೀಗೇ ಆಗ್ತಾ ಹೋದ್ರೆ ಶ್ವಾಸಕೋಶ ಗಟ್ಟಿಯಾಗುತ್ತೆ. ಸಾಮಾನ್ಯವಾಗಿ ಹತ್ತು ವರ್ಷದ ಮೇಲೆ ಕಾಣಿಸ್ಕೊಳ್ಳುತ್ತೆ, ಧೂಳು ವಿಪರೀತ ಇದ್ರೆ ಐದೇ ವರ್ಷಕ್ಕೂ ಬರಬಹುದು.

ಒಂದು ಮುಖ್ಯ ಮಾತು: ಇದನ್ನ ಓದಿ ಟಿಬಿ ಮಾತ್ರೆ ನೀವಾಗೇ ನಿಲ್ಲಿಸ್ಬೇಡಿ. ಸಿಲಿಕೋಸಿಸ್ ಇರೋರಿಗೆ ಟಿಬಿ ಬರೋ ಸಾಧ್ಯತೆ ಬೇರೆಯವರಿಗಿಂತ ಹಲವು ಪಟ್ಟು ಜಾಸ್ತಿ, ಎರಡೂ ಒಟ್ಟಿಗೇ ಇರೋ ಪೇಷಂಟ್‌ಗಳು ಬೇಕಾದಷ್ಟು ಜನ. ಕಫದಲ್ಲಿ ಟಿಬಿ ರೋಗಾಣು ಹುಡುಕೋ ಸಿಬಿನ್ಯಾಟ್ ಮತ್ತು ಕಲ್ಚರ್ ಟೆಸ್ಟ್ ಎರಡೂ ಮಾಡ್ಸಿ, ಎಚ್‌ಆರ್‌ಸಿಟಿ ಅಂದ್ರೆ ಎದೆಯ ಸೂಕ್ಷ್ಮ ಸಿಟಿ ಸ್ಕ್ಯಾನ್ ಮಾಡ್ಸಿ, ಪಿಎಫ್‌ಟಿ ಅಂದ್ರೆ ಊದೋ ಟೆಸ್ಟ್ ಮಾಡ್ಸಿ. ಹಳೇ ಎಕ್ಸ್‌ರೇ ಎಲ್ಲಾ ಜೊತೇಲಿ ತಗೊಂಡ್ ಹೋಗಿ, ಮೂರು ವರ್ಷದ ಹಿಂದಿನ ಪ್ಲೇಟ್‌ನಲ್ಲೂ ಇದೇ ಚುಕ್ಕೆ ಇದ್ರೆ ಅದೇ ದೊಡ್ಡ ಸುಳಿವು.

ಮತ್ತೆ ಡಾಕ್ಟರ್ ಕೇಳದಿದ್ರೆ ನೀವೇ ಹೇಳಿ. ಒಂದು ಬಿಳಿ ಹಾಳೇಲಿ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ವಿಭಾಗ, ದಿನಕ್ಕೆಷ್ಟು ಗಂಟೆ, ಮಾಸ್ಕ್ ಇತ್ತಾ ಇಲ್ವಾ, ಬರೆದು ಫೈಲ್‌ಗೆ ಪಿನ್ ಮಾಡಿಸ್ಬಿಡಿ.

ರಾಯಚೂರು_ಜಿನ್ನಿಂಗ್
ನಮ್ಮ ಕಡಿ ಹತ್ತಿ ಜಿನ್ನಿಂಗ್‌ದಾಗ ಬ್ಯಾರೆ ತರ ಅದರಿ. ಸೀಜನ್ ಚಾಲೂ ಆತಂದ್ರ ಮೊದಲ ವಾರದಾಗ ಎಲ್ಲಾರ್ಗೂ ಜ್ವರ ಬಂದಂಗ ಆಗ್ತದ, ಆಮ್ಯಾಲ ಅಡ್ಜಸ್ಟ್ ಆಗ್ತದ. ರಜಾ ಮುಗ್ಸಿ ಬಂದ ದಿನ ಮಾತ್ರ ಎದಿ ಬಿಗದು ಹಿಡದಂಗ ಆಗ್ತದ, ಮರದಿನ ಕಮ್ಮಿ. ನಮ್ಮ ಅವ್ವ ಇಪ್ಪತ್ತು ಸೀಜನ್ ಮಾಡ್ಯಾಳ, ಈಗ ಬ್ಯಾಸಿಗ್ಯಾಗೂ ಕೆಮ್ಮತಾಳ. ಇದೂ ಸಿಲಿಕೋಸಿಸ್ ಏನ್ರಿ ಡಾಕ್ಟರ್?

ಚೆಸ್ಟ್_ಡಾಕ್ಟರ್_ಶಿವಮೊಗ್ಗ
ಅಲ್ಲ, ನೀವು ಹೇಳಿದ್ದು ಬಿಸಿನೋಸಿಸ್‌ಗೆ ಹೊಂದುತ್ತೆ, ಹತ್ತಿ ಧೂಳಿನ ಕಾಯಿಲೆ. ರಜೆ ಆದ ಮೊದಲ ದಿನ ಎದೆ ಬಿಗಿಯೋದು ಅದರ ಗುರುತು. ಪುಸ್ತಕದಲ್ಲಿ ಸೋಮವಾರದ ಕಾಯಿಲೆ ಅಂತ ಓದಿದ ಎಳೇ ಡಾಕ್ಟರ್‌ಗಳು ಸೋಮವಾರ ಹೇಗಿರುತ್ತೆ ಅಂತ ಕೇಳ್ತಾರೆ, ಪೇಷಂಟ್ ಏನಿಲ್ಲ ಅಂತಾನೆ, ಯಾಕಂದ್ರೆ ಅವನ ಮಿಲ್‌ಗೆ ವಾರದ ರಜೆ ಶುಕ್ರವಾರ! ರಜೆ ಯಾವತ್ತು ಅಂತ ಮೊದಲು ಕೇಳ್ಬೇಕು. ನಿಮ್ಮಲ್ಲಿ ಸೀಜನ್ ಕೆಲಸ ಆಗಿರೋದ್ರಿಂದ ವರ್ಷದ ಅರ್ಧ ಭಾಗ ಆರಾಮಾಗಿರ್ತಾರೆ, ಅದಕ್ಕೇ ಯಾರೂ ಗಂಭೀರವಾಗಿ ತಗೊಳಲ್ಲ.

ಹತ್ತಿ ಜೊತೆ ಬರೋ ಒಣ ಎಲೆ, ಕಾಯಿಯ ಸಿಪ್ಪೆ, ಅದ್ರ ಮೇಲಿನ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಅನ್ನೋ ವಿಷ, ಇವು ಶ್ವಾಸನಾಳ ಕುಗ್ಗಿಸ್ತಾವೆ. ನೂಲಿನ ಮಿಲ್‌ಗಳಲ್ಲಿ ಬ್ಲೋ ರೂಮ್, ಕಾರ್ಡಿಂಗ್ (ಹತ್ತಿ ಬಿಡಿಸಿ ಹಿಂಜೋ) ವಿಭಾಗದವರಿಗೆ ಅತಿ ಹೆಚ್ಚು. ಶುರುವಿನಲ್ಲಿ ಧೂಳಿಂದ ದೂರ ಆದ್ರೆ ಸರಿಹೋಗುತ್ತೆ, ಬೇಸಿಗೇಲೂ ಕೆಮ್ಮು ಉಳಿದಿದೆ ಅಂದ್ರೆ ಸ್ವಲ್ಪ ಕಾಯಂ ಆಗಿದೆ ಅಂತ ಅರ್ಥ. ಅಮ್ಮನಿಗೆ ಪಿಎಫ್‌ಟಿ ಮಾಡಿಸಿ, ಇನ್‌ಹೇಲರ್‌ನಿಂದ ಸ್ವಲ್ಪ ಉಪಯೋಗ ಆಗಬಹುದು.

ದಾವಣಗೆರೆ_ಬೆಣ್ಣೆದೋಸೆ
ಕಾರ್ಡಿಂಗ್ ಅಂದ ತಕ್ಷಣ ನಮ್ಮ ತಾತ ನೆನಪಾದ್ರು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಕಾಲದಲ್ಲಿ ಮಿಲ್‌ನಲ್ಲಿದ್ದೋರು. ಮಿಲ್ ಮುಚ್ಚಿದ್ರು, ತಾತನ ಉಬ್ಬಸ ಮಾತ್ರ ಪೆನ್ಷನ್ ಥರ ಕೊನೇವರೆಗೂ ಬಂತು. ಆಗ ಎಲ್ರೂ ಬೀಡಿ ಸೇದೋರು, ಬೀಡಿದೇ ತಪ್ಪು ಅಂತ ಡಾಕ್ಟರ್ ಬೈಯ್ದು ಕಳಿಸ್ತಿದ್ರು ಅಷ್ಟೆ.

ಬೆಲ್ಲದ_ಬಸ್ಯಾ
ಎಲ್ಲಾ ಡಾಕ್ಟರ್ ಹೆದರಸ್ತಾರ್ರಿ. ನಮ್ಮ ಕ್ರಷರ್‌ದಾಗ ಡ್ಯೂಟಿ ಮುಗದ ಮ್ಯಾಲ ಎಲ್ಲಾರ್ಗೂ ಒಂದ್ ಉಂಡಿ ಬೆಲ್ಲ ಕೊಡ್ತಾರ, ಧೂಳ ಎಲ್ಲಾ ಕೊಚ್ಚಿ ಹೊಟ್ಟಿಗೆ ಹೋಗ್ತೈತಿ. ಹಿರೇರು ಸುಮ್ನ ಮಾಡಿಲ್ಲ ಇದನ್ನ.

ಸೇಫ್ಟಿ_ಮಂಜ
ಗುರು ಬೆಲ್ಲ ತಿನ್ನು, ಬೇಡ ಅನ್ನಲ್ಲ, ಗಂಟಲಿಗೆ ಹಿತವಾಗಿರುತ್ತೆ. ಆದ್ರೆ ಬೆಲ್ಲ ಹೋಗೋ ದಾರಿ ಬೇರೆ, ಆ ಸಣ್ಣ ಧೂಳು ಹೋಗೋ ದಾರಿ ಬೇರೆ. ಲಕ್ನೋದಲ್ಲಿ ಇಲಿಗಳ ಮೇಲೆ ಬೆಲ್ಲದ ಪ್ರಯೋಗ ಮಾಡಿ 1994ರಲ್ಲಿ ಒಂದು ಪೇಪರ್ ಬಂದಿತ್ತು, ಕಣಗಳು ಸ್ವಲ್ಪ ಬೇಗ ಆಚೆ ಹೋದವು ಅಂತ. ಅದನ್ನೇ ಹಿಡ್ಕೊಂಡು ವಾಟ್ಸಪ್‌ನಲ್ಲಿ ಓಡಿಸ್ತಾರೆ. ಇಲಿ ಮೇಲೆ ಆಗಿದ್ದು ಅದು, ಹದಿನೈದು ವರ್ಷ ಗ್ರೈಂಡರ್ ಹಿಡಿದ ಮನುಷ್ಯನ ಮೇಲಲ್ಲ. ನನಗೆ ಸಿಟ್ಟು ಬರೋದು ಎಲ್ಲಿ ಅಂದ್ರೆ, ಹತ್ತು ರೂಪಾಯಿ ಬೆಲ್ಲ ಕೊಟ್ಟು ಸೇಫ್ಟಿ ಮಾಡಿದ್ದೀವಿ ಅಂತ ರಿಜಿಸ್ಟರ್‌ನಲ್ಲಿ ಬರ್ಕೊಳೋರನ್ನ ಕಣ್ಣಾರೆ ನೋಡಿದ್ದೀನಿ.

ಫೌಂಡ್ರಿ_ಮಾಲಕ
ಎಲ್ಲಾ ಓದಿದೆ, ಮಾಲಕರ ಕಡೆಯಿಂದ ಯಾರೂ ಮಾತಾಡಿಲ್ಲ ಅದಕ್ಕ ಬರೀತೇನಿ. ನಂದೂ ಸಣ್ಣ ಫೌಂಡ್ರಿ, ಮೂವತ್ತ ಮಂದಿ ಅದಾರ. ಮಾಸ್ಕ್ ಪ್ರತಿ ತಿಂಗಳ ತರಸ್ತೇನಿ, ಬಾಕ್ಸ್ ಬಾಕ್ಸ್ ಹಂಗಾ ಬಿದ್ದಿರ್ತಾವು, ಹಾಕ್ಕೊಳ್ರಪಾ ಅಂದ್ರ ಸೆಕಿ ಆಗ್ತೈತಿ ಸಾಹುಕಾರ್ರ ಅಂತಾರ, ಕುತ್ತಿಗಿಗೆ ಜೋತ ಬಿಟ್ಕೊಂಡು ಅಡ್ಡಾಡ್ತಾರ, ನಾ ಏನ್ ಹಿಂದ ನಿಂತು ಕಾಯ್ಲಾ? ಡಸ್ಟ್ ಕಲೆಕ್ಟರ್ ಹಾಕ್ಸೇನಿ, ಲಕ್ಷಗಟ್ಟಲೆ ಆತು, ಕರೆಂಟ್ ಬಿಲ್ ಬ್ಯಾರೆ. ಕಸ್ಟಮರ್ ಕಿಲೋಕ್ಕ ಐವತ್ತ ಪೈಸೆ ಜಾಸ್ತಿ ಕೇಳಿದ್ರ ಕೊಲ್ಲಾಪುರಕ್ಕ ಆರ್ಡರ್ ಒಯ್ತಾನ. ಎಲ್ಲಾದಕ್ಕೂ ಮಾಲಕನ್ನ ಬೈಯೂದು ಸರಳ ಐತಿ.

ಗ್ರೈಂಡರ್_ಮಲ್ಲು
ಸಾಹುಕಾರ್ರ ಸಿಟ್ಟ ಆಗಬ್ಯಾಡ್ರಿ, ನಾ ಮೇಂಟೆನೆನ್ಸ್ ಮಾಡಾಂವ, ನಿಮ್ಮಂಥಾ ನಾಕೈದು ಫೌಂಡ್ರಿ ನೋಡೇನಿ. ಡಸ್ಟ್ ಕಲೆಕ್ಟರ್ ಇರ್ತೈತಿ, ಖರೆ. ಆಡಿಟ್ ದಿನಾ ಚಾಲೂ ಇರ್ತೈತಿ, ಅದೂ ಖರೆ. ಅದ್ರಾಗಿನ ಧೂಳ ಸೋಸೂ ಚೀಲ, ಬ್ಯಾಗ್ ಫಿಲ್ಟರ್, ಕೊನೀ ಸಲ ಯಾವಾಗ ಬದಲಿ ಮಾಡೀರಿ? ನಾ ಒಂದ ಕಡೆ ತಗದು ನೋಡಿದಾಗ ಬ್ಯಾಗ್ ಸಿಮೆಂಟ್ ಮೂಟೆಯಂಗ ಗಟ್ಟಿ ಆಗಿ ಕುಂತಿತ್ತು, ಗಾಳಿ ಒಂದ್ ಹನಿ ಹೋಗೂದಿಲ್ಲ, ಫ್ಯಾನ್ ಮಾತ್ರ ಗುಂಯ್ ಅಂತ ತಿರಗ್ತೈತಿ, ಅದು ಆವಾಜ್ ಮಾಡೂ ಮಿಷಿನ್ ಅಷ್ಟ.

ಮತ್ತ ಮಾಸ್ಕ್ ಹಾಕೂದಿಲ್ಲ ಅಂತೀರಿ. ಫೆಟ್ಲಿಂಗ್ ಎಲ್ಲಾ ಕಡೆ ಪೀಸ್ ರೇಟ್. ಮಾಸ್ಕ್ ಹಾಕ್ಕೊಂಡು ಉಸುರು ಜಗ್ಗಿ ಕೆಲಸಾ ಮಾಡಿದ್ರ ಸಂಜಿಕ ನಾಲ್ಕು ಪೀಸ್ ಕಮ್ಮಿ ಬೀಳ್ತಾವು, ಆ ನಾಲ್ಕು ಪೀಸಿಂದ ಮಕ್ಕಳ ಫೀ ಕಟ್ಟೂದಿರ್ತೈತಿ. ನೀವು ಮಾಸ್ಕ್ ಕೊಡ್ತೀರಿ, ಅದನ್ನ ಹಾಕ್ಕೋಳಾಕ ಟೈಮ್ ಕೊಡೂದಿಲ್ಲ.

ಫೌಂಡ್ರಿ_ಮಾಲಕ
ಪೀಸ್ ರೇಟ್ ಕೇಳಿದ್ದು ಅವ್ರಾ, ನಾವಲ್ಲ.

ಗ್ರೈಂಡರ್_ಮಲ್ಲು
ದಿನಗೂಲಿ ಎಷ್ಟ ಇಟ್ಟಿದ್ರಿ ಅಂತ ಹೇಳ್ರಿ, ಯಾಕ ಪೀಸ್ ರೇಟ್ ಕೇಳಿದ್ರು ಅಂತ ತಿಳೀತೈತಿ 🙂

ಸೇಫ್ಟಿ_ಮಂಜ
ಇಬ್ರೂ ಸ್ವಲ್ಪ ತಣ್ಣಗಾಗಿ. ನಾನು ಪೀಣ್ಯದಲ್ಲಿ ಸೇಫ್ಟಿ ಆಫೀಸರ್, ಮಾಸ್ಕ್ ಜಗಳ ದಿನಾ ಕೇಳ್ತೀನಿ. ನಮ್ಮ ಪಾಠದಲ್ಲಿ ಮಾಸ್ಕ್ ಇರೋದು ಲಿಸ್ಟಿನ ಕಟ್ಟಕಡೇಲಿ. ಮೊದಲು ಧೂಳೇ ಹುಟ್ಟದ ಹಾಗೆ ನೋಡು, ಹುಟ್ಟಿದ್ರೆ ಅಲ್ಲೇ ಹಿಡಿ, ಅದೂ ಆಗ್ದೇ ಹೋದ್ರೆ ಮಾಸ್ಕ್. ನಮ್ಮಲ್ಲಿ ತಲೆಕೆಳಗು, ಮಾಸ್ಕ್ ಖರೀದಿ ಬಿಲ್ಲಿಂದ ಶುರುವಾಗಿ ಅಲ್ಲೇ ಮುಗಿಯುತ್ತೆ.

ಮಾಲಕರೇ, ನಿಮಗೆ ಖರ್ಚಿಲ್ಲದ ಎರಡು ಮಾತು ಹೇಳ್ತೀನಿ. ಕಾಸ್ಟಿಂಗ್‌ಗೆ ಮರಳು ಸುಟ್ಟು ಅಂಟೋದು ಮೋಲ್ಡ್ ಕೋಟಿಂಗ್ ಸರಿ ಇಲ್ದಾಗ, ಮರಳು ಹದ ತಪ್ಪಿದಾಗ, ಲೋಹ ಅತಿ ಬಿಸಿ ಇದ್ದಾಗ. ಅಲ್ಲಿ ಸರಿಮಾಡಿದ್ರೆ ಗ್ರೈಂಡಿಂಗೇ ಅರ್ಧ ಕಮ್ಮಿ, ಧೂಳೂ ಕಮ್ಮಿ, ವೀಲ್ ಖರ್ಚೂ ಕಮ್ಮಿ. ಎರಡನೇದು, ಫೆಟ್ಲಿಂಗ್‌ಗೆ ಕೊಡೋ ಮೊದಲೇ ಪೂರ್ತಿ ಸ್ಟೀಲ್ ಶಾಟ್ ಬ್ಲಾಸ್ಟ್ (ಸಣ್ಣ ಉಕ್ಕಿನ ಗುಂಡು ಬಡಿಸಿ ಶುಚಿ) ಮಾಡಿ ಕೊಡಿ, ಮುಚ್ಚಿದ ಮಿಷಿನ್ ಒಳಗೇ ಮರಳು ಉದುರಿ ಹೋಗ್ಲಿ. ಬಹಳ ಕಡೆ ಅವಸರಕ್ಕೆ ಉಲ್ಟಾ ಮಾಡ್ತಾರೆ.

ಇನ್ನು ಡಸ್ಟ್ ಕಲೆಕ್ಟರ್ ಹುಡ್, ಅಂದ್ರೆ ಧೂಳು ಎಳೆಯೋ ಪೈಪಿನ ಬಾಯಿ. ಪೈಪಿನ ಬಾಯಿ ಎಷ್ಟು ಅಗಲ ಇದೆಯೋ ಅಷ್ಟೇ ದೂರ ಹೋದ್ರೆ ಎಳೆಯೋ ವೇಗ ಹತ್ತರಲ್ಲಿ ಒಂದು ಭಾಗಕ್ಕೆ ಬಿದ್ದೋಗುತ್ತೆ. ಎಂಟಿಂಚಿನ ಪೈಪು, ಕೆಲಸ ನಡೆಯೋದು ಎರಡು ಅಡಿ ದೂರದಲ್ಲಿ, ಅದು ಎಳೆಯುತ್ತೆ ಅಂತ ನೀವು ನಂಬ್ಕೊಂಡಿದ್ದೀರ. ಅದರ ಮೇಲೆ ಸೆಕೆ ಅಂತ ಪಕ್ಕದಲ್ಲಿ ಒಂದು ಪೆಡೆಸ್ಟಲ್ ಫ್ಯಾನ್ ಇಟ್ಟಿರ್ತಾರೆ! ಹುಡ್ ಒಂದ್ ಕಡೆ ಎಳೀಬೇಕು, ಫ್ಯಾನ್ ಇನ್ನೊಂದ್ ಕಡೆ ತಳ್ಳುತ್ತೆ, ಒಬ್ಬನ ಧೂಳು ಪಕ್ಕದವನ ಮೂಗಿಗೆ. ಒಂದು ಊದುಬತ್ತಿ ಹಚ್ಚಿ ಗ್ರೈಂಡಿಂಗ್ ಮಾಡೋ ಜಾಗದಲ್ಲಿ ಹಿಡೀರಿ, ಹೊಗೆ ಹುಡ್ ಕಡೆ ಬಾಗದಿದ್ರೆ ಅದು ಕೆಲಸ ಮಾಡ್ತಿಲ್ಲ, ಅಷ್ಟೇ.

ಇನ್ನೊಂದು ಪರೀಕ್ಷೆ ಇದೆ. ನೈಟ್ ಶಿಫ್ಟ್‌ನಲ್ಲಿ ಲೈಟ್ ಆರಿಸಿ, ಗ್ರೈಂಡಿಂಗ್ ನಡೀತಿರೋವಾಗ ಹಿಂದಿನಿಂದ ಜೋರು ಬೆಳಕಿನ ಟಾರ್ಚ್ ಬಿಟ್ಟು, ಬೆಳಕಿನ ಎದುರು ದಿಕ್ಕಿನಿಂದ ಸ್ವಲ್ಪ ಓರೆಯಾಗಿ ನೋಡಿ. ಹಗಲು ಏನೂ ಇಲ್ಲ ಅನಿಸಿದ್ದ ಕಡೆ ಬಿಳೀ ಮೋಡ ಎದ್ದು ಆಪರೇಟರ್ ಮುಖದ ಮುಂದೇನೇ ಹಾದು ಹೋಗೋದು ಕಾಣುತ್ತೆ. ನಾನು ನಮ್ಮ ಎಂಡಿಗೆ ಪ್ರೆಸೆಂಟೇಷನ್ ಮಾಡಿ ಮಾಡಿ ಸಾಕಾಗಿ ಕೊನೆಗೆ ಇದನ್ನ ತೋರಿಸ್ದೆ, ಮಾರನೇ ವಾರ ಡಕ್ಟ್ ಕೊಟೇಷನ್ ಕೇಳಿದ್ರು.

ಕುಂದಾನಗರಿ_ಹುಡುಗ
ಅಣ್ಣನ ಹಾಲ್‌ದಾಗ ಎರಡ ಪೆಡೆಸ್ಟಲ್ ಫ್ಯಾನ್ ಅದಾವ್ರಿ, ಹಂಗಾ ಇಟ್ಟಾರ. ಇನ್ನೊಂದು, ಡ್ಯೂಟಿ ಬಿಡೂಮುಂದ ಎಲ್ಲಾರೂ ಏರ್ ಗನ್ ಹಿಡದು ಒಬ್ಬರಿಗೊಬ್ರು ಅಂಗಿ ಪ್ಯಾಂಟಿಗೆ ಗಾಳಿ ಹೊಡ್ಕೊತಾರಂತ, ಸ್ವಚ್ಛ ಆಗಿ ಮನಿಗೆ ಹೋಗಾಕ. ಅದು ಸರಿ ಏನ್ರಿ?

ಸೇಫ್ಟಿ_ಮಂಜ
ಅಯ್ಯೋ ಬೇಡಪ್ಪಾ ಬೇಡ, ದಿನದ ಕೆಟ್ಟ ಹತ್ತು ನಿಮಿಷ ಅಂದ್ರೆ ಅದೇ. ಬಟ್ಟೆಗೆ ಕೂತಿದ್ದ ಸಣ್ಣ ಧೂಳನ್ನ ನೇರ ಮೂಗಿನ ಮಟ್ಟಕ್ಕೆ ಎಬ್ಬಿಸಿದ ಹಾಗೆ, ಅಷ್ಟೊತ್ತಿಗೆ ಮಾಸ್ಕ್ ತೆಗೆದು ಜೇಬಿಗಿಟ್ಟಿರ್ತಾರೆ ಬೇರೆ. ಒಣ ಪೊರಕೆಯಲ್ಲಿ ಗುಡಿಸೋದೂ ಅದೇ ಕಥೆ, ನೀರು ಚಿಮುಕಿಸಿ ಗುಡಿಸ್ಬೇಕು ಇಲ್ಲ ವ್ಯಾಕ್ಯೂಮ್. ಬಟ್ಟೆ ಫ್ಯಾಕ್ಟರೀಲೇ ಬದಲಿಸಿ ಬರ್ಲಿ, ಕೆಲಸದ ಬಟ್ಟೆಯನ್ನ ಮನೇಲಿ ವೈನಿ ಝಾಡಿಸೋದು ಬೇಡ, ನೆನೆಹಾಕಿ ಒಗೀರಿ.

ಮಾಸ್ಕ್ ಬಗ್ಗೆ: ಕರ್ಚೀಫು, ಬಟ್ಟೆ ಮಾಸ್ಕು, ನೀಲಿ ಸರ್ಜಿಕಲ್ ಮಾಸ್ಕು ಈ ಧೂಳಿಗೆ ಏನೇನೂ ಸಾಲಲ್ಲ. ಐಎಸ್ 9473 ಅಂತ ಐಎಸ್‌ಐ ಮಾರ್ಕಿನ ಜೊತೆ ಎಫ್‌ಎಫ್‌ಪಿ2 ಅಂತ ಬರೆದಿರೋದು ನೋಡಿ ತಗೊಳ್ಳಿ. ಗಡ್ಡ ಇದ್ರೆ ಪಕ್ಕದಿಂದ ಗಾಳಿ ನುಗ್ಗುತ್ತೆ. ನಿಮ್ಮ ಅಣ್ಣನಿಗೆ ಮಾತ್ರ ಮಾಸ್ಕ್ ಪರಿಹಾರ ಅಲ್ಲ ಈಗ, ಅವರು ಆ ಹಾಲ್‌ನಿಂದ ಆಚೆ ಬರ್ಬೇಕು.

ಗಂಗಾವತಿ_ಸೋನಾಮಸೂರಿ
ರೈಸ್ ಮಿಲ್ ಧೂಳು ಪರವಾಗಿಲ್ಲಲ್ರಿ? ಅದು ಬರೇ ತೌಡು ಹೊಟ್ಟು, ತಿನ್ನೋ ಪದಾರ್ಥ.

ಚೆಸ್ಟ್_ಡಾಕ್ಟರ್_ಶಿವಮೊಗ್ಗ
ತಿನ್ನೋದೇ ಬೇರೆ, ಉಸಿರಾಡೋದೇ ಬೇರೆ. ಧಾನ್ಯದ ಧೂಳಿಗೆ ಅಸ್ತಮಾ ಥರ ಬರುತ್ತೆ, ಬೂಸ್ಟು ಹಿಡಿದ ಭತ್ತ ಆದ್ರೆ ಅಲರ್ಜಿಯಿಂದ ಶ್ವಾಸಕೋಶ ಊತ ಬರೋದೂ ಉಂಟು. ಕುಸುಬಲಕ್ಕಿ ಮಾಡೋ ಮಿಲ್ ಆದ್ರೆ ಬಾಯ್ಲರ್ ಬೂದಿ ನೋಡ್ಕೊಳ್ಳಿ. ಭತ್ತದ ಹೊಟ್ಟಿನ ಬೂದಿಯಲ್ಲಿ ನೂರಕ್ಕೆ ಎಂಬತ್ತರ ಮೇಲೆ ಸಿಲಿಕಾ, ಅತಿ ಹೆಚ್ಚು ಶಾಖದಲ್ಲಿ ಉರಿದಾಗ ಅದರಲ್ಲಿ ಅಪಾಯಕಾರಿ ಹರಳಿನ ರೂಪವೂ ಹುಟ್ಟುತ್ತೆ. ಬೂದಿ ಎತ್ತೋ ಹಮಾಲರು ಒಣ ಬೂದಿ ಸಲಿಕೆಯಲ್ಲಿ ಎತ್ತಬಾರದು, ನೀರು ಹಾಕಿ ಎತ್ತಬೇಕು.

ಕುಡ್ಲದ_ಪೊಣ್ಣು
ಇದೆಲ್ಲ ಓದಿ ತಲೆ ತಿರುಗಿತು ಮಾರಾಯ್ರೆ. ನಮ್ಮ ಮನೆಯ ಹತ್ತಿರ ಗ್ರಾನೈಟ್ ಕಟ್ಟಿಂಗ್ ಉಂಟು, ಹುಡುಗರು ಮುಖಕ್ಕೆ ಬರೇ ಒಂದು ಬೈರಾಸು ಕಟ್ಟಿಕೊಂಡು ಕಟ್ಟರ್ ಹಿಡಿಯುವುದು.

ಮೆಲ್ಬರ್ನ್_ಕನ್ನಡಿಗ
ಗ್ರಾನೈಟ್ ವಿಷಯ ಬಂದಿದ್ದಕ್ಕೆ ಒಂದು ಮಾತು. ಈಗ ಬೆಂಗಳೂರಲ್ಲಿ ಹೊಸ ಮನೆ ಕಟ್ಟೋರೆಲ್ಲ ಅಡುಗೆಮನೆ ಕಟ್ಟೆಗೆ ಕ್ವಾರ್ಟ್ಜ್ ಸ್ಲ್ಯಾಬ್ ಅಂತಾರಲ್ಲ, ಆ ಕೃತಕ ಕಲ್ಲು. ಗ್ರಾನೈಟ್‌ನಲ್ಲಿ ಸಿಲಿಕಾ ನೂರಕ್ಕೆ ಸುಮಾರು ಮೂವತ್ತು, ಇದರಲ್ಲಿ ತೊಂಬತ್ತರ ಮೇಲೂ ಇರುತ್ತೆ. ಇಲ್ಲಿ ಮೂವತ್ತು ಚಿಲ್ಲರೆ ವಯಸ್ಸಿನ ಹುಡುಗರಿಗೇ ಸಿಲಿಕೋಸಿಸ್ ಬಂದು ದೊಡ್ಡ ಗಲಾಟೆ ಆಯ್ತು, ಕೊನೆಗೆ ಆಸ್ಟ್ರೇಲಿಯಾದಲ್ಲಿ 2024ರ ಜುಲೈ 1ರಿಂದ ಆ ಕಲ್ಲನ್ನೇ ಬ್ಯಾನ್ ಮಾಡಿದ್ರು. ಮನೆ ಕಟ್ಟಿಸೋರು ಕೊನೇಪಕ್ಷ ನೀರು ಹಾಕಿ ಕಟ್ ಮಾಡೋ ಕಡೆ ಮಾಡಿಸಿ, ನಿಮ್ಮ ಹಾಲ್‌ನಲ್ಲಿ ಒಣದಾಗಿ ಕೊಯ್ಯೋಕೆ ಬಿಡ್ಬೇಡಿ.

ಕೆಜಿಎಫ್_ಮೊಮ್ಮಗ
ಸಿಲಿಕೋಸಿಸ್ ನಮ್ಮ ರಾಜ್ಯಕ್ಕೆ ಹೊಸದೇನಲ್ಲ, ನಮ್ಮೂರಲ್ಲಿ ಮನೆಮಾತು. ನಮ್ಮ ಕೋಲಾರದ ಚಾಂಪಿಯನ್ ರೀಫ್ ಚಿನ್ನದ ಗಣಿ ಮೂರು ಕಿಲೋಮೀಟರ್‌ಗಿಂತ ಆಳ, ಅಲ್ಲಿ ಕ್ವಾರ್ಟ್ಜ್ ಕಲ್ಲಿಗೆ ಡ್ರಿಲ್ ಹಾಕ್ತಿದ್ದೋರು ನಮ್ಮ ತಾತ. 1940ರಲ್ಲೇ ಮೈಸೂರು ಸರ್ಕಾರ ಸಿಲಿಕೋಸಿಸ್ ರೂಲ್ಸ್ ಅಂತ ಮಾಡಿತ್ತು, ಎಕ್ಸ್‌ರೇ ನೋಡಿ ಪರಿಹಾರ ಕೊಡೋ ಪದ್ಧತಿ ಇತ್ತು. ಬ್ರಿಟಿಷರ ಕಾಲದಲ್ಲಿ ಎಕ್ಸ್‌ರೇ ಹಿಡಿದು ನೋಡ್ತಿದ್ದ ರಾಜ್ಯದಲ್ಲಿ ಇವತ್ತು ಒಬ್ಬ ಫೆಟ್ಲಿಂಗ್ ಕಾರ್ಮಿಕನಿಗೆ ನಿನ್ನ ಕೆಲಸ ಏನಪ್ಪಾ ಅಂತ ಕೇಳೋರಿಲ್ಲ ಅಂದ್ರೆ ನನಗೆ ಸಿಟ್ಟು ಬರುತ್ತೆ. ಗಣಿ 2001ರಲ್ಲಿ ಮುಚ್ಚಿತು. ಗಣಿ ಇದ್ದಷ್ಟು ದಿನ ಒಂದೇ ಕಂಪನಿ, ಒಂದೇ ಆಸ್ಪತ್ರೆ, ಯೂನಿಯನ್ ಇತ್ತು, ಅದಕ್ಕೇ ಲೆಕ್ಕ ಸಿಗ್ತಿತ್ತು. ಈಗ ಇಪ್ಪತ್ತು ಮೂವತ್ತು ಜನರ ಶೆಡ್‌ಗಳಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಇದ್ದೋರ ಲೆಕ್ಕ ಯಾರಿಡ್ತಾರೆ.

ಲೇಬರ್_ವಕೀಲ
ಮೂಲ ಪ್ರಶ್ನೆಗೆ ಬರ್ತೀನಿ, ಕಾನೂನಿನ ಭಾಗ.

ಸಿಲಿಕೋಸಿಸ್, ಬಿಸಿನೋಸಿಸ್, ಕಲ್ನಾರಿನ ಆಸ್ಬೆಸ್ಟೋಸಿಸ್ ಇವೆಲ್ಲ ಕಾನೂನಿನ ಪಟ್ಟಿಯಲ್ಲಿರೋ ಔದ್ಯೋಗಿಕ ಕಾಯಿಲೆಗಳು. 1948ರ ಫ್ಯಾಕ್ಟರೀಸ್ ಆಕ್ಟ್ 89ನೇ ಸೆಕ್ಷನ್ ಪ್ರಕಾರ ಕಾರ್ಖಾನೆ ಮ್ಯಾನೇಜರ್ ಮಾತ್ರ ಅಲ್ಲ, ನೋಡಿದ ಡಾಕ್ಟರ್ ಕೂಡ ಇಲಾಖೆಗೆ ಲಿಖಿತವಾಗಿ ತಿಳಿಸ್ಲೇಬೇಕಿತ್ತು. 2025ರ ನವೆಂಬರ್‌ನಿಂದ ಅದರ ಜಾಗಕ್ಕೆ ಬಂದ 2020ರ ಹೊಸ ಸುರಕ್ಷತಾ ಸಂಹಿತೆಯಲ್ಲೂ ಈ ಹೊಣೆ ಹಾಗೇ ಇದೆ. ಬಹಳ ಡಾಕ್ಟರ್‌ಗಳಿಗೆ ಇದು ಗೊತ್ತೇ ಇಲ್ಲ, ಗೊತ್ತಿರೋರಿಗೆ ಕೋರ್ಟ್ ಅಲೆದಾಟ ಬೇಡ. ಟಿಬಿ ಅಂತ ಬರೆದ್ರೆ ಯಾರೂ ಹೊಣೆ ಅಲ್ಲ, ಸಿಲಿಕೋಸಿಸ್ ಅಂತ ಬರೆದ್ರೆ ಮಾಲೀಕ ಹೊಣೆ. ಒಂದೇ ಎಕ್ಸ್‌ರೇಗೆ ಎರಡು ಹೆಸರು, ಅಷ್ಟೇ ವ್ಯತ್ಯಾಸದಲ್ಲಿ ಕುಟುಂಬದ ಪಿಂಚಣಿ ನಿಂತಿದೆ.

ಇಎಸ್‌ಐ ಕಟ್ ಆಗ್ತಿದೆ ಅಂದ್ರಿ, ಅದು ಬಹಳ ಒಳ್ಳೇದು. ಕಾಂಟ್ರ್ಯಾಕ್ಟ್ ಅಂತ ಹಕ್ಕು ಕಮ್ಮಿ ಆಗಲ್ಲ. ಔದ್ಯೋಗಿಕ ಕಾಯಿಲೆ ಅಂತ ಮೆಡಿಕಲ್ ಬೋರ್ಡ್ ಒಪ್ಪಿದ್ರೆ ಕೆಲಸದಲ್ಲಿ ಆದ ಅಪಘಾತಕ್ಕೆ ಸಮ. ತಾತ್ಕಾಲಿಕವಾಗಿ ಕೆಲಸಕ್ಕೆ ಹೋಗಕ್ಕಾಗದ ದಿನಗಳಿಗೆ ಸರಾಸರಿ ಕೂಲಿಯ ನೂರಕ್ಕೆ 90, ಕಾಯಂ ನಷ್ಟ ಆದ್ರೆ ದುಡಿಯೋ ಶಕ್ತಿ ಎಷ್ಟು ಹೋಗಿದೆ ಅನ್ನೋ ಲೆಕ್ಕದ ಮೇಲೆ ತಿಂಗಳು ತಿಂಗಳು ಜೀವನಪೂರ್ತಿ. ಇಎಸ್‌ಐ ಇಲ್ಲದೋರಿಗೆ 1923ರ ನೌಕರರ ಪರಿಹಾರ ಕಾಯ್ದೆ ಇತ್ತು, ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಪರಿಹಾರದ ದಾರಿ ಇದೆ. ಎರಡೂ ಕಡೆ ಕೇಳೋಕಾಗಲ್ಲ.

ಬೇಕಾಗೋ ಕಾಗದ: ಇಎಸ್‌ಐ ಕಾರ್ಡು, ಪಿಎಫ್ ಪಾಸ್‌ಬುಕ್ (ಯಾವ ಕಾಂಟ್ರ್ಯಾಕ್ಟರ್ ಹೆಸರಲ್ಲಿ ಎಷ್ಟು ವರ್ಷ ಅನ್ನೋದು ಅದ್ರಲ್ಲೇ ಸಿಗುತ್ತೆ, ಕಾಂಟ್ರ್ಯಾಕ್ಟರ್ ನಾಲ್ಕು ಸಲ ಹೆಸರು ಬದಲಿಸಿದ್ರೂ ಪಿಎಫ್ ಸುಳ್ಳು ಹೇಳಲ್ಲ), ಸಂಬಳದ ಚೀಟಿ, ಗೇಟ್ ಪಾಸು, ಜೊತೆ ಕೆಲಸ ಮಾಡಿದ ಇಬ್ಬರ ಹೇಳಿಕೆ. ಎಕ್ಸ್‌ರೇ, ಸಿಟಿ ರಿಪೋರ್ಟ್ ಮೂಲಪ್ರತಿ ಯಾರಿಗೂ ಕೊಟ್ಟು ಬರ್ಬೇಡಿ, ಜೆರಾಕ್ಸ್ ಕೊಟ್ಟು ಸ್ವೀಕೃತಿ ಸೀಲು ಹಾಕಿಸ್ಕೊಳ್ಳಿ.

ಧೂಳಿನ ಬಗ್ಗೆ ದೂರು ಕೊಡೋದಾದ್ರೆ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಗೆ. ಹಳೇ ಫ್ಯಾಕ್ಟರೀಸ್ ಆಕ್ಟ್ 118ಎ ಪ್ರಕಾರ ದೂರು ಕೊಟ್ಟೋರ ಹೆಸರು ಇನ್‌ಸ್ಪೆಕ್ಟರ್ ಹೇಳಬಾರದು ಅಂತಿತ್ತು. ಸಣ್ಣ ಶೆಡ್‌ನಲ್ಲಿ ಹೆಸರು ಹೇಳದಿದ್ರೂ ಗೊತ್ತಾಗುತ್ತೆ, ಅದನ್ನ ಮುಚ್ಚಿಡಲ್ಲ. ಅದಕ್ಕೇ ಕ್ಲೈಮ್ ಮೊದಲು, ದೂರು ಆಮೇಲೆ ಅನ್ನೋದು ನನ್ನ ಸಲಹೆ.

ದಾವಣಗೆರೆ_ಬೆಣ್ಣೆದೋಸೆ
ಇದೆಲ್ಲ ಕೊಟ್ಟಿರೋ ಉದಾಹರಣೆ ಇದ್ಯಾ ಸಾರ್, ಅಥವಾ ಕಾಗದದ ಮೇಲೆ ಮಾತ್ರಾನಾ?

ಲೇಬರ್_ವಕೀಲ
ಇದೆ, ಆದ್ರೆ ಹೋರಾಡಿ ತಗೊಂಡಿದ್ದು. ಗುಜರಾತಿನ ಕ್ವಾರ್ಟ್ಜ್ ಪುಡಿ ಮಾಡೋ ಕಾರ್ಖಾನೆಗಳಿಗೆ ಮಧ್ಯಪ್ರದೇಶದ ಆದಿವಾಸಿಗಳು ಕೂಲಿಗೆ ಹೋಗಿ ಸತ್ತರು, 238 ಜನರ ಕುಟುಂಬಕ್ಕೆ ತಲಾ 3 ಲಕ್ಷ ಕೊಡಿ ಅಂತ ಮಾನವ ಹಕ್ಕು ಆಯೋಗ 2010ರಲ್ಲಿ ಹೇಳಿತು, ಸುಪ್ರೀಂ ಕೋರ್ಟ್ ಕೊಡಲೇಬೇಕು ಅಂದಿದ್ದು 2016ರಲ್ಲಿ. ರಾಜಸ್ಥಾನ 2019ರಲ್ಲಿ ಇದಕ್ಕೇ ಅಂತ ಪ್ರತ್ಯೇಕ ನೀತಿ ತಂತು, ಸರ್ಟಿಫಿಕೇಟ್ ಸಿಕ್ಕರೆ 3 ಲಕ್ಷ, ತೀರಿಕೊಂಡ್ರೆ ಮನೆಯವರಿಗೆ ಇನ್ನೂ 2 ಲಕ್ಷ. ಅಲ್ಲಿ ಕಲ್ಲು ಕೆಲಸದೋರು ಸಂಘ ಕಟ್ಟಿ ಕೂಗಿದ್ದಕ್ಕೆ ಬಂತು.

ಸೇಫ್ಟಿ_ಮಂಜ
ವಕೀಲರು ಹೇಳದ ಒಂದು ವಿಷ್ಯ, ಮಿತಿಯ ಲೆಕ್ಕ. ಹಳೇ ಫ್ಯಾಕ್ಟರೀಸ್ ಆಕ್ಟ್ ಎರಡನೇ ಶೆಡ್ಯೂಲಲ್ಲಿ ಶ್ವಾಸಕೋಶದ ಒಳಗೆ ಇಳಿಯೋ ಧೂಳಿಗೆ ಒಂದು ಸೂತ್ರ ಇತ್ತು: 10ನ್ನ, ಧೂಳಲ್ಲಿರೋ ಕ್ವಾರ್ಟ್ಜ್ (ಹರಳಿನ ಸಿಲಿಕಾ) ಶೇಕಡಾವಾರಿಗೆ 2 ಕೂಡಿಸಿ ಅದರಿಂದ ಭಾಗಿಸ್ಬೇಕು. ಧೂಳಲ್ಲಿ ನೂರಕ್ಕೆ 20 ಕ್ವಾರ್ಟ್ಜ್ ಇದ್ರೆ ಒಂದು ಘನ ಮೀಟರ್ ಗಾಳಿಗೆ ಸುಮಾರು 0.45 ಮಿಲಿಗ್ರಾಂ ಧೂಳು, ಅಂದ್ರೆ ಬರೀ ಸಿಲಿಕಾ 0.09. ಅಮೆರಿಕದಲ್ಲಿ 2016ರಿಂದ ಮಿತಿ 0.05. ನಮ್ಮ ಈ ಸೂತ್ರ ಹೆಚ್ಚೂಕಮ್ಮಿ ಎರಡು ಪಟ್ಟು ಸಡಿಲ, ಆದ್ರೂ ಅದನ್ನ ಅಳೆಯೋರೇ ಇಲ್ಲ. ಟೆಂಡರ್‌ನಲ್ಲಿ ಗಾಳಿ ಪರೀಕ್ಷೆ ಅಂತ ಇದ್ರೆ ಮಿಷಿನ್ ತಂದು ಶೆಡ್ ಬಾಗಿಲ ಹತ್ರ ಇಟ್ಟು ಚಹಾ ಕುಡಿದು ಹೋಗ್ತಾರೆ. ಪಂಪನ್ನ ಕಾರ್ಮಿಕನ ಸೊಂಟಕ್ಕೆ ಕಟ್ಟಿ, ಫಿಲ್ಟರನ್ನ ಅವನ ಕಾಲರ್‌ಗೆ ಸಿಕ್ಕಿಸಿ, ಪೂರ್ತಿ ಶಿಫ್ಟ್ ಅಳೆದ್ರೆ ಮಾತ್ರ ನಿಜ ಗೊತ್ತಾಗೋದು.

ಫೌಂಡ್ರಿ_ಮಾಲಕ
ಊದುಬತ್ತಿ ಹಚ್ಚಿ ನೋಡಿದೆ. ಮೂರು ಹುಡ್‌ದಾಗ ಒಂದಕ್ಕ ಹೊಗಿ ಹೋತು, ಉಳದ ಎರಡಕ್ಕ ಇಲ್ಲ. ಒಂದರ ಡ್ಯಾಂಪರ್ (ಗಾಳಿ ತಡಿಯೂ ಬಾಗಲಾ) ಪೂರಾ ಬಂದ್ ಇತ್ತು, ಯಾರ್ ಬಂದ್ ಮಾಡ್ಯಾರ ಗೊತ್ತಿಲ್ಲ. ಇನ್ನೊಂದರ ಡಕ್ಟ್ ಬೆಂಡ್‌ದಾಗ ಉಸುಕು ತುಂಬಿ ಕುಂತೈತಿ. ಬ್ಯಾಗ್ ಸೆಟ್ಟಿಗೆ ಕೊಟೇಷನ್ ಕೇಳೇನಿ. ಆದ್ರ ಪೀಸ್ ರೇಟ್ ಮಾತ ನಾ ಇನ್ನೂ ಒಪ್ಪೂದಿಲ್ಲ.

ಗ್ರೈಂಡರ್_ಮಲ್ಲು
ಬೆಂಡ್‌ದಾಗ ಉಸುಕು ತುಂಬೇತಿ ಅಂದ್ರ ಡಕ್ಟ್‌ನ್ಯಾಗ ಗಾಳಿ ವೇಗ ಸಾಲವಲ್ದು. ಬರೇ ತಗದು ಸ್ವಚ್ಛ ಮಾಡಿದ್ರ ಮತ್ತ ತುಂಬ್ತೈತಿ. ಫ್ಯಾನ್ ಬೆಲ್ಟ್ ಸಡಲ ಆಗೇತೇನು ನೋಡ್ರಿ ಮೊದಲ, ಮತ್ತ ಬೆಂಡಿಗೆ ಒಂದ್ ಸ್ವಚ್ಛ ಮಾಡೂ ಬಾಗಲಾ ಕೂಡಸ್ರಿ. ಪೀಸ್ ರೇಟ್ ಮಾತು ಆಮ್ಯಾಲ ಜಗಳಾಡೂಣು.

ಕುಂದಾನಗರಿ_ಹುಡುಗ
ಅಪ್‌ಡೇಟ್ ರಿ. ಎಚ್‌ಆರ್‌ಸಿಟಿ ಆತು, ಕಲ್ಚರೂ ನೆಗೆಟಿವ್ ಬಂತು. ಹಾಳಿ ಮ್ಯಾಲ ಕೆಲಸದ್ದೆಲ್ಲಾ ಬರದು ಒಯ್ದಿದ್ವಿ, ಹೊಸಾ ಡಾಕ್ಟರ್ ಅದನ್ನ ಎರಡ ಸಲ ಓದಿ, ಹಳೇ ಎಕ್ಸ್‌ರೇ ಲೈಟಿಗೆ ಹಿಡದು ನೋಡಿ, ಸಿಲಿಕೋಸಿಸ್ ಅಂತಾನ ಬರದ್ರು, ಎರಡನೇ ಕೋರ್ಸ್ ಬ್ಯಾಡ ಅಂದ್ರು. ಟಿಬಿ ಸಲುವಾಗಿ ಆಗಾಗ ಚೆಕ್ ಮಾಡಸ್ಕೋತ ಇರ್ರಿ ಅಂದಾರ. ಖುಷಿ ಪಡಬೇಕೋ ಅಳಬೇಕೋ ಗೊತ್ತಾಗಲಿಲ್ಲ, ಔಷಧ ಇಲ್ಲ ಅಂದಾರಲ್ಲ. ವೈನಿ ಬಾಳ ಅತ್ಲು.

ಅಣ್ಣನ್ನ ಈಗ ಡಿಸ್ಪ್ಯಾಚ್‌ಗೆ ಹಾಕ್ಯಾರ, ದಿನಗೂಲಿ, ಮೊದಲಿನ ಮುಕ್ಕಾಲ ಪಗಾರ ಆಗ್ತೈತಿ. ಇಎಸ್‌ಐದಾಗ ಅರ್ಜಿ ಕೊಟ್ಟು ಸೀಲ್ ಹಾಕಿಸ್ಕೊಂಡೇವಿ. ಪಿಎಫ್ ಪಾಸ್‌ಬುಕ್ ತಗದ್ರ ವಕೀಲ ಸರ್ ಹೇಳಿದಂಗ, ಮೂರು ಕಾಂಟ್ರ್ಯಾಕ್ಟರ್ ಹೆಸರು, ನಡುವ ಎರಡು ವರ್ಷ ಖಾಲಿ. ಆ ಎರಡು ವರ್ಷಾನೂ ಅಂವ ಅಲ್ಲೇ ಫೆಟ್ಲಿಂಗ್ ಮಾಡ್ಯಾನ. ಅದಕ್ಕೇನ್ ಮಾಡೂದು?

ಲೇಬರ್_ವಕೀಲ
ಖಾಲಿ ವರ್ಷದಿಂದ ಕ್ಲೈಮ್ ಬೀಳಲ್ಲ, ಹೆದರ್ಬೇಡಿ. ಆ ಅವಧಿಗೆ ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಸಂಬಳ ಜಮಾ ಆಗಿದ್ಯಾ ನೋಡಿ, ದೀಪಾವಳಿ ಬೋನಸ್ ಕವರ್, ಆಯುಧಪೂಜೆ ಗ್ರೂಪ್ ಫೋಟೋ ಏನಿದ್ರೂ ಇಟ್ಕೊಳ್ಳಿ. ಜೊತೆಗಾರರ ಹೇಳಿಕೆ ಈಗ್ಲೇ ಬರೆಸಿ ಸಹಿ ಹಾಕಿಸ್ಕೊಳ್ಳಿ, ಆಮೇಲೆ ಅವರೇ ಊರು ಬಿಟ್ಟಿರ್ತಾರೆ.

ಚೆಸ್ಟ್_ಡಾಕ್ಟರ್_ಶಿವಮೊಗ್ಗ
ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಹಾಕಿಸಿ, ಬೀಡಿ ಇದ್ರೆ ಇವತ್ತೇ ಬಿಡ್ಲಿ. ಆರು ತಿಂಗಳಿಗೊಮ್ಮೆ ಪಿಎಫ್‌ಟಿ, ಅದೇ ಮಿಷಿನ್‌ನಲ್ಲಿ. ಧೂಳು ಬಿಟ್ಟ ಮೇಲೂ ಕೆಲವರಿಗೆ ನಿಧಾನವಾಗಿ ಜಾಸ್ತಿ ಆಗುತ್ತೆ, ಆದ್ರೆ ಬಿಡದೇ ಇದ್ದೋರಿಗಿಂತ ನಿಧಾನ. ಮತ್ತೆ ಅವರ ಹಾಲ್‌ನಲ್ಲಿ ಅಷ್ಟೇ ವರ್ಷ ಕೆಲಸ ಮಾಡಿದ ಬೇರೆಯವರೂ ಇರ್ತಾರಲ್ಲ, ಅವರಿಗೆ ಎಕ್ಸ್‌ರೇ ಆಗಿದೆಯಾ?

ಕುಂದಾನಗರಿ_ಹುಡುಗ
ಇಲ್ರಿ. ಆರು ಮಂದಿ ಅದಾರ, ಅದ್ರಾಗ ಇಬ್ರು ಈಗ ಟಿಬಿ ಗುಳಿಗಿ ನುಂಗಾಕತ್ತಾರ. ಐತವಾರ ಅವ್ರ ಮನಿಗೆ ಹೋಗಿ ಹಳೇ ಎಕ್ಸ್‌ರೇ ಎಲ್ಲಾ ಹುಡುಕಸ್ತೀನಿ, ಎಲ್ಲಾರ್ನೂ ಕೂಡಿ ಕರ್ಕೊಂಡು ಹೋಗ್ತೀನಿ. ಡಾಕ್ಟ್ರ, ನೀವು ಹೇಳಿದ್ರಲ್ಲ ಹಾಳಿ ಮ್ಯಾಲ ಏನೇನ್ ಬರೀಬೇಕು ಅಂತ, ಅದನ್ನ ಒಂದ್ ಫಾರ್ಮ್ ತರ ಮಾಡಿ ಇಲ್ಲೇ ಹಾಕ್ರಿ, ಜೆರಾಕ್ಸ್ ಹೊಡಸ್ತೀನಿ.

ರಾಯಚೂರು_ಜಿನ್ನಿಂಗ್
ನಮಗೂ ಒಂದ್ ಹಾಕ್ರಿ, ಹತ್ತಿದು ಬ್ಯಾರೆ. ವಾರದ ರಜಾ ಯಾವತ್ತು ಅನ್ನೋದು ಅದ್ರಾಗ ಮೊದಲನೇ ಸಾಲಿಗೇ ಇರಲಿ.